ನಮ್ಮ ಮನೆಯಲ್ಲಿ ಬಾವಿ ಇಲ್ಲ

ಬೆಳಕೆ
14-9-2024

ಸುಪ್ರಿಯಾಳಿಗೆ ಅಜ್ಜಿ ಗಂಗಿ ಬರೆಯುವುದು,

ಫೋನ್ ಮಾಡಬೇಡ ಎಂದು ಎಷ್ಟು ಸಲ ಹೇಳುವುದು? ನೀನು ಮಾತಾಡಿದ್ದು ನನಗೆ ಅರ್ಧ ಕೇಳುತ್ತದೆ, ಪೂರ್ತಿ ಕೇಳುವುದು ಬೇಲಿಯಾಚೆಯ ಮಾದೇವಿಗೆ. ಮೊನ್ನೆ ನೀನು ಫೋನ್ ಇಟ್ಟ ಮೇಲೆ ಅವಳೇ ಬಂದು, "ಹುಡುಗಿ ಭುಜಕ್ಕೆ ಎಂತ ಆತು ಗಂಗಕ್ಕ?" ಎಂದು ನನಗೆ ಸುದ್ದಿ ಹೇಳಿದಳು. ಇನ್ನು ಮೇಲೆ ಏನಿದ್ದರೂ ಕಾಗದದಲ್ಲಿ ಬರೆ. ನಾನು ನಾಲ್ಕನೇ ಇಯತ್ತೆ ಓದಿದವಳು. ಈ ಕೇರಿಯ ಹೆಂಗಸರು ಬ್ಯಾಂಕಿನ ಕಾಗದ ಬಂದರೆ ಇಂದಿಗೂ ನನ್ನ ಹತ್ತಿರವೇ ಓದಿಸಿಕೊಳ್ಳುವುದು.

ನಿನ್ನೆ ಸಂಜೆ ಭಾಸ್ಕರ ಬಂದಿದ್ದ. ಮಾದೇವಿಯ ಮಗನೆಂಬ ಸಲಿಗೆ ಒಂದು, ನಿಮ್ಮ ಮೀನಿನ ಕಂಪನಿಯ ಸೂಪರ್‌ವೈಸರ್ ಎಂಬ ಗತ್ತು ಇನ್ನೊಂದು. ಊರಿನ ಏಳು ಹುಡುಗಿಯರನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದವನು, ಗತ್ತು ಇರಲಿ. "ಹೆದರೂಕೆ ಎಂತದೂ ಇಲ್ಲ ದೊಡ್ಡಮ್ಮ. ಸುಪ್ರಿಯನ ಭುಜ ಸ್ವಲ್ಪ ಉಳುಕಿತು. ಬಲಗೈ ಅಲ್ದಾ, ಸಹಿ ಹಾಕೂಕೆ ಆಗ್ತಿಲ್ಲ. ರಜೆ ಅರ್ಜಿಗೆ ಮನೆ ಹಿರಿಯರು ಸಹಿ ಹಾಕಿದ್ರೆ ಆತು" ಎಂದ. ಹಾಕಿಕೊಟ್ಟೆ. ಹೋಗುವಾಗ ಒಂದು ಡಜನ್ ಬಂಗಡೆ ಮೀನು ಇಟ್ಟು ಹೋದ. ಬಂಗಡೆ ತಾಜಾ ಇತ್ತು. ಅವನ ಮಾತು ಅಷ್ಟು ತಾಜಾ ಅನ್ನಿಸಲಿಲ್ಲ.

ಎಂತ ಆಯಿತು, ಎಲ್ಲಿ ಆಯಿತು, ಯಾರು ನೋಡಿದರು ಎಂದು ಬರೆ. ಯಾರಾದರೂ ಎಣ್ಣೆ ತಿಕ್ಕಿ ಎಳೆದು ಸರಿ ಮಾಡುತ್ತೇನೆಂದರೆ ಹತ್ತಿರ ಬಿಡಬೇಡ. ನಿನ್ನ ಅಪ್ಪನಿಗೆ ಸದ್ಯ ತಿಳಿಸುವುದಿಲ್ಲ, ಅವನು ಮಲ್ಪೆಯ ಬೋಟಿನಲ್ಲಿ ಸಮುದ್ರದ ಮೇಲಿದ್ದಾನೆ. ತಿಳಿದರೆ ಅಲ್ಲಿಂದ ಈಜಿಕೊಂಡು ಬರುತ್ತಾನೆಯೇ?

ಉತ್ತರದ ದಾರಿ ನೋಡುವ
ಅಜ್ಜಿ


ಕರ್ಕಿ, ಹೊನ್ನಾವರ
21-9-2024

ಅಜ್ಜಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಚೌತಿ ಮುಗಿಸಿ ನಿನ್ನ ಹತ್ತಿರದಿಂದ ಬಂದೆನಲ್ಲ, ಅದರ ಮಾರನೇ ದಿನ, ಮಂಗಳವಾರ. ಫ್ರೀಜರ್ ಕೋಣೆಗೆ ಬೊಂಡಾಸ ಮೀನಿನ ಟ್ರೇಗಳನ್ನು ಗಾಡಿಯಲ್ಲಿ ಒಟ್ಟಿ ತಳ್ಳಿಕೊಂಡು ಹೋಗುತ್ತೇವೆ. ಆ ಗಾಡಿಯ ಒಂದು ಚಕ್ರ ಸಡಿಲವಾಗಿ ತಿಂಗಳಾಗಿತ್ತು. ಭಾಸ್ಕರಣ್ಣನಿಗೆ ಮೂರು ಸಲ ಹೇಳಿದ್ದೆವು. ಅವತ್ತು ಚಕ್ರ ಕಳಚಿ ಗಾಡಿ ವಾಲಿತು. ಆ ಬದಿಗೆ ನಮ್ಮೂರ ವೀಣಾ ಬಗ್ಗಿ ನೆಲ ತೊಳೆಯುತ್ತಿದ್ದಳು. ನಾನು ಭುಜ ಕೊಟ್ಟೆ. ಟ್ರೇ ಒಂದೂ ಬೀಳಲಿಲ್ಲ, ಆದರೆ ನನ್ನ ಭುಜದೊಳಗೆ ಏನೋ ಕಟ್ ಎಂದಿತು.

ಭಾಸ್ಕರಣ್ಣ ಖಾಸಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೇಗಾಯಿತು ಎಂದು ಅವರು ನನ್ನನ್ನು ಕೇಳಿದರೆ, "ಚೌತಿಗೆ ಊರಿಗೆ ಹೋಗಿತ್ತು, ಮನೆಯಲ್ಲಿ ಜಾರಿ ಬಿತ್ತು" ಎಂದು ಅವನೇ ಹೇಳಿದ. ನಾನು ಸುಮ್ಮನಿದ್ದೆ. ಹೊರಗೆ ಬಂದ ಮೇಲೆ, "ಕೆಲಸದಲ್ಲಿ ಆಯ್ತು ಅಂದ್ರೆ ತನಿಖೆ ಬತ್ತದೆ, ಬೆಳಕೆ ಹುಡುಗೀರು ಬ್ಯಾಡ ಅಂತ ಮ್ಯಾನೇಜರ್ ಏಳೂ ಜನರನ್ನ ಕಳಿಸ್ತಾನೆ" ಎಂದ. ನನ್ನೊಬ್ಬಳ ಭುಜಕ್ಕಾಗಿ ಉಳಿದ ಆರು ಮಂದಿ ಯಾಕೆ ಮನೆಗೆ ಹೋಗಬೇಕು ಅಜ್ಜಿ?

ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ವೀಣಾ ಹಾಕುತ್ತಾಳೆ. ಎರಡು ವಾರದಲ್ಲಿ ಸರಿಯಾಗಬಹುದು. ದಯವಿಟ್ಟು ಗಲಾಟೆ ಮಾಡಬೇಡ.

ನಿನ್ನ
ಸುಪ್ರಿಯಾ


ಬೆಳಕೆ
27-9-2024

ಸುಪ್ರಿಯಾ,

ಗಲಾಟೆ ಮಾಡಬೇಡ ಎಂದು ನನಗೆ ಹೇಳಿದೆ. ಮಾಡಲಿಲ್ಲ. ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆ, ಅಷ್ಟೇ.

ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುವ ಶರ್ಮಿಳಾ ಎಂಬವಳಿದ್ದಾಳೆ. ನೀನು ಚೌತಿಗೆ ಬಂದಾಗ ಬಿಟ್ಟುಹೋದ ಸಂಬಳದ ಚೀಟಿಯನ್ನು ಅವಳ ಮುಂದೆ ಇಟ್ಟೆ. "ಅಮ್ಮಾ, ಇಲ್ಲಿ ಇ.ಎಸ್.ಐ. ಅಂತ ಕಾರ್ಮಿಕರ ವಿಮೆ ದುಡ್ಡು ತಿಂಗಳು ತಿಂಗಳು ಹಿಡೀತಿದ್ದಾರಲ್ಲ, ಕಾರ್ಡ್ ಎಲ್ಲಿ?" ಎಂದಳು. ಕಾರ್ಡ್ ಉಂಟೆಂದು ನಿನಗೆ ಗೊತ್ತಿತ್ತೇ? ಗೊತ್ತಿದ್ದು ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ?

ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಎರಡು ಸಲ ಓದು. ಕಾರ್ಖಾನೆಯಲ್ಲಿ ಅಪಘಾತದ ಪುಸ್ತಕ ಎಂದು ಒಂದಿರುತ್ತದೆ, ಅದರಲ್ಲಿ ನಿನ್ನ ಹೆಸರು, ದಿನ, ಹೊತ್ತು, ನೋಡಿದವರ ಹೆಸರು ಬರೆಸಬೇಕು. ಬರೆದುಕೊಳ್ಳದಿದ್ದರೆ ನೀನೇ ಕಾಗದದಲ್ಲಿ ಬರೆದು ಕೊಟ್ಟು ನಕಲಿನ ಮೇಲೆ ಸಹಿ ತೆಗೆದುಕೊಳ್ಳಬೇಕು. ಅದಕ್ಕೂ ಒಪ್ಪದಿದ್ದರೆ ರಿಜಿಸ್ಟರ್ ಅಂಚೆ. ಇ.ಎಸ್.ಐ. ದವಾಖಾನೆಯಲ್ಲಿ ತೋರಿಸಿದರೆ ಔಷಧಕ್ಕೆ ದುಡ್ಡಿಲ್ಲ, ದೊಡ್ಡ ಆಸ್ಪತ್ರೆಗೂ ಅವರೇ ಬರೆದು ಕಳಿಸುತ್ತಾರೆ. ಇದು ಭಾಸ್ಕರ ಕೊಡುವ ಬಂಗಡೆಯಲ್ಲ. ನಿನ್ನ ಸಂಬಳದಿಂದಲೇ ಹಿಡಿದದ್ದು.

ಆರು ಜನರ ಕೆಲಸ ಎಂದು ಬರೆದಿದ್ದೀ. ಆ ಗಾಡಿಯನ್ನು ಈಗ ತಳ್ಳುತ್ತಿರುವುದು ಆ ಆರು ಜನರಲ್ಲಿ ಯಾರು? ಅದನ್ನು ಯೋಚಿಸು.

ಮತ್ತು ಡಾಕ್ಟರ್ ಕೇಳಿದರೆ ನೀನೇ ಬಾಯಿ ಬಿಡು. ಬಾಯಿಗೇನೂ ಉಳುಕಿಲ್ಲವಲ್ಲ.

ಇಂತು ನಿನ್ನ ಬೆನ್ನು ಬಿಡದ
ಅಜ್ಜಿ


ಕರ್ಕಿ
10-10-2024

ಅಜ್ಜಿ,

ನೀನು ಹೇಳಿದಂತೆ ದವಾಖಾನೆಗೆ ಹೋದೆ. ಈ ಸಲ ನಾನೇ ಹೇಳಿದೆ. ಡಾಕ್ಟರ್ ಕೈ ಹಿಡಿದು ಎತ್ತಿ ನೋಡಿ, ಕುಮಟಾಕ್ಕೆ ಸ್ಕ್ಯಾನಿಗೆ ಬರೆದುಕೊಟ್ಟರು. ಭುಜದ ಒಳಗಿನ ಸ್ನಾಯು ಹರಿದಿದೆಯಂತೆ. ಎಲುಬಲ್ಲದ ಕಾರಣ ಎಕ್ಸ್‌ರೇಯಲ್ಲಿ ಕಾಣಲಿಲ್ಲ. ಆಪರೇಷನ್ ಬೇಕಾಗಬಹುದು, ಆದರೂ ಕೈ ಮೊದಲಿನಷ್ಟು ಮೇಲೆ ಏಳುತ್ತದೆ ಎಂದು ಹೇಳಲಾಗದು ಎಂದರು.

ಚಿಕಿತ್ಸೆ ಹೇಗೂ ಸಿಗುತ್ತದೆ. ಆದರೆ ಇದು ಕೆಲಸದಲ್ಲಿ ಆದ ಗಾಯ ಎಂದು ದಾಖಲಾಗದಿದ್ದರೆ, ಮುಂದೆ ಕೈ ಪೂರ್ತಿ ಏಳದೆ ಹೋದರೂ ಪರಿಹಾರವೆಂದು ಏನೂ ಇಲ್ಲ. ಅದಕ್ಕಾಗಿ ಬರೆದುಕೊಂಡು ಮ್ಯಾನೇಜರ ಹತ್ತಿರ ಹೋದೆ. ಅವರು ಫೈಲಿನಿಂದ ಒಂದು ಕಾಗದ ತೆಗೆದು ತೋರಿಸಿದರು. "ನನ್ನ ಮೊಮ್ಮಗಳು ಸುಪ್ರಿಯಾ ಚೌತಿಯ ದಿನ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದಾಳೆ. ಇದಕ್ಕೂ ಕಂಪನಿಗೂ ಸಂಬಂಧವಿಲ್ಲ" ಎಂದು ಟೈಪ್ ಮಾಡಿದ್ದರು. ಕೆಳಗೆ ನಿನ್ನ ಸಹಿ.

ಕೇರಿಯವರ ಕಾಗದವನ್ನೆಲ್ಲ ಓದಿ ಹೇಳುವವಳು ನೀನು. ಓದದೆ ಸಹಿ ಹಾಕುವವಳಲ್ಲ. ಹಾಗಾದರೆ ಓದಿಯೇ ಹಾಕಿದೆಯಾ ಅಜ್ಜಿ? ನನಗೆ ಧೈರ್ಯ ಹೇಳಿ ಕಾಗದ ಬರೆಯುವಾಗ ಅದು ನಿನಗೆ ಗೊತ್ತಿತ್ತಾ?

ಸುಪ್ರಿಯಾ


ಬೆಳಕೆ
15-10-2024

ಸುಪ್ರಿಯಾ,

ಓದಲಿಲ್ಲ.

ಕನ್ನಡಕ ಒಳಗಿತ್ತು. ಎದ್ದು ಹೋಗಿ ತರಬಹುದಿತ್ತು. ಹಾಗೆ ಮಾಡಿದರೆ ಭಾಸ್ಕರನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ, ಅವನ ಅವ್ವ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಾಳೆ, ನಮ್ಮವನೇ ತಂದ ಕಾಗದ ಎಂದು ದಾಕ್ಷಿಣ್ಯ ಮಾಡಿದೆ. ಓದು ಬಾರದವಳಾದರೆ "ಎಂತ ಬರೆದದ್ರಾ, ಓದಿ ಹೇಳು" ಎಂದಾದರೂ ಕೇಳುತ್ತಿದ್ದಳು. ನಾನು ಕಲಿತವಳು, ಕೇಳಲಿಲ್ಲ. ನನ್ನ ಕಲಿಕೆಗೆ ಬೆಂಕಿ ಬೀಳಲಿ.

ಆದರೆ ಬಾವಿ! ಮನೆಯ ಬಾವಿಕಟ್ಟೆಯಂತೆ! ನಿನ್ನ ಅಜ್ಜ ತೋಡಿಸಿದಾಗ ಉಪ್ಪುನೀರು ಬಂದು, ಮಣ್ಣು ತುಂಬಿಸಿ ಮುಚ್ಚಿದ್ದು ನಿನ್ನ ಅಪ್ಪ ಹುಟ್ಟುವ ಮೊದಲು. ಅಂದಿನಿಂದ ಇಂದಿನವರೆಗೆ ನಾವು ನೀರು ಸೇದುವುದು ಮಾದೇವಿಯ ಬಾವಿಯಲ್ಲಿ. ಭಾಸ್ಕರನಿಗೆ ಇದು ಗೊತ್ತಿಲ್ಲವೇ? ಅವನೂ ನನ್ನ ಹಾಗೆಯೇ, ಆಫೀಸಿನವರು ಟೈಪ್ ಮಾಡಿ ಕೊಟ್ಟದ್ದನ್ನು ಓದದೆ ತಂದನೆಂದು ಕಾಣುತ್ತದೆ. ಆ ಆಫೀಸಿನವನಿಗೆ ಕರಾವಳಿಯ ಮನೆ ಎಂದಮೇಲೆ ಬಾವಿ ಇದ್ದೇ ಇರುತ್ತದೆ ಎಂಬ ಧೈರ್ಯ.

ನನ್ನ ಸಹಿಯನ್ನು ನಾನೇ ಹಿಂದಕ್ಕೆ ತರುತ್ತೇನೆ. ನೀನು ಮಾತಾಡದಿದ್ದರೂ ಸರಿ, ಚಿಕಿತ್ಸೆ ಬಿಡಬೇಡ.

ಗಂಗಿ


ಬೆಳಕೆ
4-11-2024

ಸುಪ್ರಿಯಾ,

ಇಪ್ಪತ್ತು ದಿನವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಇರಲಿ. ಕಂಪನಿಯ ಕೋಣೆ ಬಿಟ್ಟು ಕುಮಟಾದ ನಿನ್ನ ಸಣ್ಣತ್ತೆಯ ಮನೆಗೆ ಹೋದೆ ಎಂದು ತಿಳಿಯಿತು, ಅದಕ್ಕೆ ಅಲ್ಲಿಗೇ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಬೇಡ, ಓದಿ ಹಾಕು.

ದೀಪಾವಳಿಗೆ ಭಾಸ್ಕರ ಬಂದವನನ್ನು ಅವನ ಮನೆಯ ಜಗಲಿಯಲ್ಲೇ ಹಿಡಿದೆ. "ಆ ಕಾಗದ ವಾಪಸ್ ತಾ" ಎಂದೆ. ಮುಖ ಬಾಡಿತು. "ದೊಡ್ಡಮ್ಮ, ನಂಗೂ ಸಂಬಳವೇ. ಮ್ಯಾನೇಜರ್ ಕೊಟ್ಟದ್ದು ತಂದೆ. ಈಗ ಎತ್ತಿದ್ರೆ ಆರು ಹುಡುಗೀರ ಕೆಲಸ ಹೋತದೆ" ಎಂದ.

"ಹೋದ್ರೆ ಅದನ್ನೂ ಬರೀತೆ" ಎಂದೆ.

ಒಳಗಿನಿಂದ ಮಾದೇವಿ ಬಂದಳು. "ಎಂತ ಆತು ಗಂಗಕ್ಕ ನಿಂಗೆ? ನಿನ್ನ ಮೊಮ್ಮಗಳಿಗೆ ಅನ್ನದ ದಾರಿ ಮಾಡಿಕೊಟ್ಟವ ನನ್ನ ಮಗ!"

"ಅನ್ನ ತಂದದ್ದು ಅವಳ ಕೈ. ಆ ಕೈಯನ್ನೇ ನಿಮ್ಮ ಕಂಪನಿ ತಕಂಡಿತಲ್ಲ."

"ಭುಜ ಹೋಯ್ತು ಅಂತ ಊರೆಲ್ಲ ಡಂಗುರ ಹೊಡಿ. ನಾಳೆ ಅವಳನ್ನ ಯಾರು ಮದುವೆ ಆತ್ರು?"

"ಭುಜ ನೋಡಿ ಒಯ್ಯೂಕೆ ಅವಳೆಂತ ಎತ್ತಾ?"

ಮಾದೇವಿಗೆ ಅಳು ಬಂದಿತು, ಸಿಟ್ಟೂ ಬಂದಿತು. "ನಾಳೆಯಿಂದ ನಮ್ಮ ಬಾವಿಗೆ ಬಪ್ಪುದು ಬೇಡ" ಎಂದಳು.

"ಒಳ್ಳೇದಾತು. ನಮ್ಮ ಮನೆಯಲ್ಲಿ ಬಾವಿ ಇಲ್ಲ ಹೇಳೂಕೆ ನೀನೇ ಸಾಕ್ಷಿ ಆದೆ" ಎಂದು ಕೊಡ ಎತ್ತಿಕೊಂಡು ಬಂದೆ.

ಈಗ ಪಂಚಾಯತಿ ನಲ್ಲಿಯ ನೀರು. ದಿನ ಬಿಟ್ಟು ದಿನ ಬರುತ್ತದೆ, ಅದೂ ಮನಸ್ಸಿದ್ದರೆ. ಆ ಆರು ಹುಡುಗಿಯರ ತಾಯಂದಿರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಆಚೆ ದಾಟುತ್ತಾರೆ. ಬ್ಯಾಂಕಿನ ಕಾಗದವನ್ನು ಈಗ ಅಂಗಡಿಯವನ ಹತ್ತಿರ ಓದಿಸುತ್ತಾರಂತೆ. ಓದಿಸಲಿ, ಅವನು ಇವರ ಸಾಲವನ್ನು ಊರಿಗೇ ಓದಿ ಹೇಳುತ್ತಾನೆ.

ನನಗೇನೂ ಕಡಿಮೆಯಾಗಿಲ್ಲ ಎಂದು ಬರೆಯಬೇಕೆಂದಿದ್ದೆ. ಸುಳ್ಳು. ಸಂಜೆ ಬೇಲಿಯ ಹತ್ತಿರ ನಿಂತು ಮಾತಾಡುವವರಿಲ್ಲ. ಆದರೂ ಸಹಿ ನನ್ನದು, ಅದರ ಸಾಲವೂ ನನ್ನದು.

ಮ್ಯಾನೇಜರನಿಗೆ ಬರೆದ ಕಾಗದದ ನಕಲು ಇದರೊಂದಿಗೆ ಇದೆ. ಶರ್ಮಿಳಾ ಟೈಪ್ ಮಾಡಿಕೊಡುತ್ತೇನೆಂದಳು. ಬೇಡವೆಂದೆ, ಟೈಪ್ ಮಾಡಿದ್ದಕ್ಕೆ ಸಹಿ ಹಾಕಿಯೇ ಇಷ್ಟೆಲ್ಲ ಆದದ್ದು. ನಾನೇ ಬರೆದೆ.

ಅಜ್ಜಿ


ಬೆಳಕೆ, ತಾ. ಭಟ್ಕಳ
4-11-2024

ಮಾನ್ಯ ಮ್ಯಾನೇಜರ್ ಸಾಹೇಬರಿಗೆ,
ನಕಲು: ಇ.ಎಸ್.ಐ. ಕಚೇರಿಗೆ, ರಿಜಿಸ್ಟರ್ ಅಂಚೆಯಲ್ಲಿ

ಬೆಳಕೆಯ ಗಂಗಿ ಸುಕ್ರ ನಾಯ್ಕ ಎಂಬ ನಾನು, ವಯಸ್ಸು ಎಪ್ಪತ್ತೆರಡು, ನನ್ನ ಕೈಯಾರೆ ಬರೆದುಕೊಡುವುದೇನೆಂದರೆ:

ನಿಮ್ಮ ಫೈಲಿನಲ್ಲಿರುವ ಕಾಗದದ ಮೇಲಿನ ಸಹಿ ನನ್ನದೇ. ಅದು ರಜೆ ಅರ್ಜಿ ಎಂದು ಹೇಳಿ ತಂದದ್ದಕ್ಕೆ ಓದದೆ ಹಾಕಿದ್ದೇನೆ. ಓದಲು ಬರುವವಳು ಓದಲಿಲ್ಲ, ಆ ನಾಚಿಕೆ ನನಗಿರಲಿ. ಆದರೆ ಅದರಲ್ಲಿ ಬರೆದದ್ದು ಸುಳ್ಳು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನನ್ನ ಮೊಮ್ಮಗಳು ಸುಪ್ರಿಯಾ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಬಿದ್ದಳೆಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಬಾವಿ ಇಲ್ಲ. ನೀವಾಗಲಿ ನಿಮ್ಮ ಗುಮಾಸ್ತರಾಗಲಿ ಬಂದು ಹುಡುಕಬಹುದು. ಸಿಕ್ಕರೆ ನನಗೂ ತೋರಿಸಿ, ನೀರಿಗೆ ಬಹಳ ಅನುಕೂಲವಾಗುತ್ತದೆ.

ಹಬ್ಬ ಮುಗಿಸಿ ಹೊರಡುವಾಗ ಅವಳು ಎರಡೂ ಕೈ ಎತ್ತಿ ಅಟ್ಟದ ಮೇಲಿಂದ ತೆಂಗಿನಕಾಯಿ ಇಳಿಸಿ ಚೀಲಕ್ಕೆ ಹಾಕಿಕೊಂಡಳು. ನಾನು ನೋಡಿದ್ದೇನೆ. ಮರುದಿನ ನಿಮ್ಮ ಫ್ರೀಜರ್ ಕೋಣೆಯಲ್ಲಿ, ನಿಮ್ಮ ಗಾಡಿಗೆ ಕೊಟ್ಟ ಭುಜ ಇದು. ಅವಳು ಭುಜ ಕೊಡದಿದ್ದರೆ ಇನ್ನೊಂದು ಹುಡುಗಿಯ ಬೆನ್ನಿನ ಮೇಲೆ ಟ್ರೇಗಳು ಬೀಳುತ್ತಿದ್ದವು. ಆಗ ಅವಳೂ ಯಾವುದೋ ಬಾವಿಯಲ್ಲಿ ಬಿದ್ದಳೆಂದು ಬರೆಸುತ್ತಿದ್ದಿರೋ ಏನೋ.

10-9-2024ರ ಅಪಘಾತವನ್ನು ನಿಮ್ಮ ಪುಸ್ತಕದಲ್ಲಿ ಬರೆದು, ಕಳಿಸಬೇಕಾದಲ್ಲಿಗೆ ವರದಿ ಕಳಿಸಿ. ಊರಿನ ಉಳಿದ ಆರು ಹುಡುಗಿಯರಲ್ಲಿ ಯಾರನ್ನಾದರೂ ಈ ಕಾರಣಕ್ಕೆ ಕೆಲಸದಿಂದ ತೆಗೆದರೆ ನನಗೆ ಬರೆಯಲು ಇನ್ನೂ ಕಾಗದವಿದೆ.

ಓದಿ, ನೋಡಿ, ಸಹಿ ಮಾಡಿದ
ಗಂಗಿ ಸುಕ್ರ ನಾಯ್ಕ


ಕುಮಟಾ
29-12-2024

ಅಜ್ಜಿ,

ಬರೆಯದೆ ಇದ್ದುದು ಸಿಟ್ಟಿನಿಂದ. ಆಮೇಲೆ ಸಿಟ್ಟು ಹೋಯಿತು, ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ.

ನಿನ್ನ ಕಾಗದ ತಲುಪಿದ ಮೇಲೆ ಇ.ಎಸ್.ಐ. ಕಚೇರಿಯವರು ಕಾರ್ಖಾನೆಗೆ ವಿಚಾರಣೆಗೆ ಬಂದರು. ನನ್ನನ್ನೂ ಕರೆಸಿದ್ದರು. ನಿನ್ನ ಕಾಗದ ಓದುತ್ತ ಬಾವಿಯ ಭಾಗ ಬಂದಾಗ ಆ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ನಗು ತಡೆಯಲು. ಮ್ಯಾನೇಜರ್ ಮಾತ್ರ, "ಅಜ್ಜಿ ಹಾಗೂ ಬರೆಯುತ್ತಾಳೆ, ಹೀಗೂ ಬರೆಯುತ್ತಾಳೆ, ಯಾವುದನ್ನು ನಂಬುವುದು?" ಎಂದರು. ಅದು ಸರಿಯೇ ಎನ್ನಿಸಿ ನನ್ನ ಜೀವ ಹೋಯಿತು.

ಆಗ ವೀಣಾ ಬಂದಳು. ಯಾರೂ ಕರೆದಿರಲಿಲ್ಲ. ಗ್ಲೌಸ್ ಕೂಡ ತೆಗೆದಿರಲಿಲ್ಲ. "ಅಜ್ಜಿ ಮಾತು ಬಿಡಿ ಸರ್. ಗಾಡಿ ವಾಲಿದ್ದು ನನ್ನ ಬದಿಗೆ. ನಾ ಅಲ್ಲೇ ಇದ್ದೆ" ಎಂದಳು. ಅವಳ ಹಿಂದೆ ಊರಿನವರು ಮತ್ತೆ ಇಬ್ಬರು ಬಂದು ನಿಂತರು. ಭಾಸ್ಕರಣ್ಣನನ್ನು ಕೇಳಿದಾಗ ಅವನು, "ಚಕ್ರದ ವಿಷಯ ಹುಡುಗೀರು ಹೇಳಿದ್ದು ಹೌದು" ಎಂದ. ಅವತ್ತೇ ಪುಸ್ತಕದಲ್ಲಿ ಬರೆಸಿದರು. ತಾರೀಕು, ಹೊತ್ತು, ವೀಣಾಳ ಹೆಸರು, ಎಲ್ಲ. ಯಾರ ಕೆಲಸವೂ ಹೋಗಿಲ್ಲ.

ಆಪರೇಷನ್ ಆಗಿ ಹದಿನೈದು ದಿನವಾಯಿತು. ಮೂರು ಸಣ್ಣ ತೂತು ಮಾತ್ರ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿದ್ದಾರೆ. ವಿಶ್ರಾಂತಿಯ ದಿನಗಳಿಗೆ ಸಂಬಳದ ಬದಲು ಇ.ಎಸ್.ಐ.ನಿಂದ ಬರುತ್ತದೆ, ಮೊದಲನೆಯದು ಬ್ಯಾಂಕಿಗೆ ಬಂತು. ಮುಂದೆ ಇಲ್ಲಿ ಕುಮಟಾದಲ್ಲೇ ವ್ಯಾಯಾಮ ಮಾಡಿಸುತ್ತಾರೆ.

ಸಣ್ಣತ್ತೆ ಜಡೆ ಬಹಳ ಬಿಗಿ ಹಾಕುತ್ತಾಳೆ. ನೀನು ಯಾವಾಗ ಬರುತ್ತೀ?

ನಿನ್ನ
ಸುಪ್ರಿಯಾ


ಬೆಳಕೆ
18-5-2025

ಸುಪ್ರಿಯಾ,

ಹೋದ ತಿಂಗಳು ನಾನು ಕುಮಟಾಕ್ಕೆ ಬಂದಾಗ ನೀನು ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ನೋಡಿದೆ. ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನೀನು ಹಲ್ಲು ಕಚ್ಚಿ ಇನ್ನೆರಡು ಬೆರಳು ಮೇಲೆ ಒಯ್ದೆ, ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ನನ್ನ ಕಿವಿ ಮಂದ, ಕಣ್ಣಲ್ಲ.

ಪರಿಹಾರ ಎಷ್ಟೆಂದು ನೋಡುವ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲುವಾಗ ಜೊತೆಗೆ ಬಾ ಎಂದು ಕರೆದಿದ್ದೀ. ಬರುವುದಿಲ್ಲ. ಬಂದರೆ ನಾನೇ ಮಾತಾಡುತ್ತೇನೆ, ನಿಲ್ಲಿಸುವುದು ನನ್ನಿಂದ ಆಗದ ಕೆಲಸ. ಅಲ್ಲಿಗೆ ಬೇಕಾದದ್ದು ನಿನ್ನ ಬಾಯಿ.

ನಮ್ಮ ಕಡೆಯ ಹೆಂಗಸರದ್ದು ಒಂದು ರೋಗ. ಯಾರಾದರೂ "ನೋವುಂಟಾ?" ಎಂದು ಕೇಳಿದರೆ "ಎಂತದೂ ಇಲ್ಲ" ಎನ್ನುತ್ತೇವೆ. ಹೆರಿಗೆಯ ಕೋಣೆಯಲ್ಲೂ ಹಾಗೆಯೇ. ಮೀನಿನ ಬುಟ್ಟಿ ಹೊತ್ತು ಕುತ್ತಿಗೆ ಕುಸಿದಾಗ ನಾನೂ ಹಾಗೆಯೇ ಅಂದವಳು. ಅದನ್ನು ಮರ್ಯಾದೆ ಎಂದು ನಿನಗೆ ಕಲಿಸಿದವಳೂ ನಾನೇ. ಆ ಡಾಕ್ಟರುಗಳ ಮುಂದೆ ಅದನ್ನು ಮಾಡಬೇಡ. ಇದ್ದದ್ದಕ್ಕಿಂತ ಹೆಚ್ಚು ಹೇಳಬೇಡ, ಇದ್ದದ್ದರಲ್ಲಿ ಒಂದು ಕೂದಲೂ ಬಿಡಬೇಡ.

ಮಾದೇವಿ ಮೊನ್ನೆ ಬೇಲಿಯ ಹತ್ತಿರ ಬಂದು, "ನಲ್ಲಿ ನೀರು ಬಂತಾ?" ಎಂದು ಕೇಳಿದಳು. "ಬಂತು" ಎಂದೆ. ಬಂದಿರಲಿಲ್ಲ. ಇನ್ನೊಂದು ವಾರ ನಡೆಯಲಿ, ಅವಳು ಬಾಯಿ ಬಿಟ್ಟು ಕರೆಯುವವರೆಗೆ ನಾನು ಹೋಗುವವಳಲ್ಲ.

ಅಜ್ಜಿ


ಕುಮಟಾ
12-6-2025

ಅಜ್ಜಿ,

ನಿನ್ನೆ ಬೋರ್ಡ್ ಆಯಿತು. ಮೇಜಿನ ಆಚೆ ಮೂವರು ಡಾಕ್ಟರು, ನಾನು ಈಚೆ ಒಬ್ಬಳೇ ನಿಂತಿದ್ದೆ. ಕೈ ಮುಂದೆ ಎತ್ತು, ಬದಿಗೆ ಎತ್ತು, ಬೆನ್ನ ಹಿಂದೆ ಒಯ್ಯಿ ಎಂದರು. ಒಬ್ಬರು ಕೋನ ಅಳೆಯುವ ಪಟ್ಟಿ ಹಿಡಿದು ನೋಡುತ್ತಿದ್ದರು.

ಬದಿಗೆ ಎತ್ತುವಾಗ ಭುಜದ ಮಟ್ಟಕ್ಕೆ ಬಂದು ನಿಂತಿತು. "ಇನ್ನು ಸ್ವಲ್ಪ, ಪ್ರಯತ್ನ ಮಾಡು" ಎಂದರು ಹಿರಿಯವರು. ಹಲ್ಲು ಕಚ್ಚಿದರೆ ಎರಡು ಬೆರಳಿನಷ್ಟು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹಲ್ಲು ತಾನಾಗಿಯೇ ಕಚ್ಚಿಕೊಂಡಿತು ಕೂಡ. ಬಿಟ್ಟೆ.

"ಪ್ರಯತ್ನ ಮಾಡಿದೆ ಸರ್. ಇಷ್ಟೇ ಆಗುವುದು. ಇದರ ಮೇಲೆ ಹೋದರೆ ಇಲ್ಲಿ ಕತ್ತರಿಸಿದ ಹಾಗೆ ನೋವು. ಟ್ರೇ ಎತ್ತಲು ಆಗುವುದಿಲ್ಲ, ಜಡೆ ಹಾಕಲು ಆಗುವುದಿಲ್ಲ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಾಗಲು ಆಗುವುದಿಲ್ಲ. ಕೂತು ಮಾಡುವ ಕೆಲಸ ಆಗುತ್ತದೆ, ಅದನ್ನು ಮಾಡುತ್ತೇನೆ. ಇಷ್ಟನ್ನೂ ಬರೆದುಕೊಳ್ಳಿ" ಎಂದೆ.

ಬರೆಯುತ್ತಿದ್ದವರು ಅಷ್ಟನ್ನೂ ಬರೆದುಕೊಂಡರು. ಕೈಯ ಶಕ್ತಿ ಎಷ್ಟು ಪಾಲು ಹೋಗಿದೆ ಎಂದು ಅವರು ಆಮೇಲೆ ತಿಳಿಸುತ್ತಾರೆ, ಕಡಿಮೆ ಎಂದು ಕಂಡರೆ ಮೇಲೆ ಕೇಳಲು ದಾರಿಯಿದೆಯಂತೆ. ಅದನ್ನೂ ಕೇಳಿಕೊಂಡೇ ಬಂದೆ.

ಹೊರಡುವಾಗ ಹಿರಿಯವರು ನಗುತ್ತ, "ಯಾರಮ್ಮ ನಿನಗೆ ಇದನ್ನೆಲ್ಲ ಹೇಳಿಕೊಟ್ಟು ಕಳಿಸಿದ್ದು?" ಎಂದರು.

ನಿನ್ನ ಹೆಸರು ಬಾಯಿಯವರೆಗೆ ಬಂತು ಅಜ್ಜಿ. ಹೇಳಲಿಲ್ಲ.

"ಯಾರೂ ಇಲ್ಲ ಸರ್" ಎಂದೆ. "ಭುಜ ನಂದು."

ಸುಪ್ರಿಯಾ